ವೇಷದ ಆಟವೂ ನಮ್ಮ ತರುಣರೂ

(ಸಂಘದ ಸರ್ವಸಾಧಾರಣ ಸಭೆಯಲ್ಲಿ ತರುಣ ವಿಭಾಗದ ಪರವಾಗಿ ಮಾಡಿದ ಭಾಷಣ)



ಇಂದಿನ ಸಭೆಯ ಮುಂದೆ ಒಂದು ಸೂಚನೆ ಬಂದಿದೆ. ಸಂಘದ ವಾಚನಾಲಯದ ಕೋಣೆಯಲ್ಲಿರುವ ಕಂಪ್ಯೂಟರಿನಲ್ಲಿ ನಮ್ಮ ಹುಡುಗರು ರಜೆಯ ದಿನ ಕತ್ತಿ ಹಿಡಿದು ರಾಕ್ಷಸರ ಸಂಗಡ ಕಾದಾಡುವ ಆಟ ಆಡುತ್ತಾರೆ. ಅದನ್ನು ಕೂಡಲೇ ನಿಲ್ಲಿಸಬೇಕು ಎಂಬುದು ಆ ಸೂಚನೆಯ ಸಾರ. ತಂದವರು ನಮ್ಮ ಹಿರಿಯರು. ಹುಡುಗರ ಮೇಲೆ ಅವರಿಗಿರುವ ಮಮತೆಯನ್ನು ನಾವು ಬಲ್ಲೆವು. ಆದರೂ ಈ ಸೂಚನೆಯನ್ನು ಸಭೆ ಒಪ್ಪಬಾರದು ಎಂದು ಕೇಳಿಕೊಳ್ಳಲು ನಿಂತಿದ್ದೇವೆ. ನಾವು ಏಳನೆಯ ಇಯತ್ತೆಯವರೆಗೆ ಓದಿ, ಮುಂಬಯಿಗೆ ಬಂದು, ಮೋರಿಯ ಬಳಿ ಕೂತು ಲೋಟ ತಟ್ಟೆ ತೊಳೆದವರು. ಪಂಡಿತರ ಮಾತು ನಮ್ಮಿಂದ ಬಾರದು. ಕಂಡದ್ದನ್ನು ಹೇಳುತ್ತೇವೆ, ತೀರ್ಮಾನ ಸಭೆಯದು.

ಹಿರಿಯರ ದೂರು ಮೂರು. ಒಂದು, ಅದು ಬರಿಯ ಹೊಡೆದಾಟ, ಅದರಿಂದ ಮನಸ್ಸು ಕೆಡುತ್ತದೆ. ಎರಡು, ಅದರಿಂದ ಹಣ ಹೋಗುತ್ತದೆ. ಮೂರು, ಅದರಿಂದ ಹೊತ್ತು ಹಾಳಾಗುತ್ತದೆ. ಮೂರಕ್ಕೂ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮೊದಲು ಆಟ ಎಂತಹದೆಂದು ನೋಡೋಣ. ಹುಡುಗರು ಹೆಚ್ಚಾಗಿ ಆಡುವ ಆಟದ ಹೆಸರು ಗಾಥಿಕ್. ಜರ್ಮನಿಯ ರೂರ್ ಪ್ರದೇಶದಲ್ಲಿದ್ದ ಪಿರಾನ್ಹಾ ಬೈಟ್ಸ್ ಎಂಬ ಚಿಕ್ಕ ಕಂಪೆನಿ ೨೦೦೧ ರಲ್ಲಿ ಅದನ್ನು ಹೊರತಂದಿತು. ರೂರ್ ಎಂದರೆ ಕಲ್ಲಿದ್ದಲು ಗಣಿಗಳ ಸೀಮೆ. ನಮ್ಮ ಪರೇಲ್, ಲಾಲ್‌ಬಾಗ್ ಹೇಗೆ ಬಟ್ಟೆ ಗಿರಣಿಗಳ ಸೀಮೆಯಾಗಿತ್ತೋ ಹಾಗೆ. ಅಲ್ಲಿಯ ಕೊನೆಯ ಕಲ್ಲಿದ್ದಲು ಗಣಿ ೨೦೧೮ ರಲ್ಲಿ ಮುಚ್ಚಿತು. ೨೦೨೪ ರಲ್ಲಿ ಆ ಆಟದ ಕಂಪೆನಿಯೂ ಮುಚ್ಚಿತು. ಆಟ ಮಾತ್ರ ಉಳಿದಿದೆ. ಹಳೆಯ ಆಟವಾದುದರಿಂದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಅದರ ಕಥೆ ಇಷ್ಟು. ಒಬ್ಬ ರಾಜ. ಓರ್ಕ್ ಎಂಬ ಅಸುರರ ಸಂಗಡ ಅವನಿಗೆ ಯುದ್ಧ. ಆಯುಧಕ್ಕೆ ಅದಿರು ಬೇಕು. ಆದುದರಿಂದ ಸಣ್ಣ ತಪ್ಪು ಮಾಡಿದವನನ್ನೂ ಹಿಡಿದು ಗಣಿಗೆ ಎಸೆಯುತ್ತಾರೆ. ಕೈದಿಗಳು ಓಡಿ ಹೋಗದಂತೆ ಮಂತ್ರವಾದಿಗಳು ಕೂಡಿ ಗಣಿಯ ಮೇಲೆ ಮಾಯೆಯ ಗುಮ್ಮಟ ಕಟ್ಟುತ್ತಾರೆ. ಒಳಗೆ ಹೋಗಬಹುದು, ಜೀವಸಹಿತ ಹೊರಗೆ ಬರಲಾಗದು. ಆದರೆ ಮಂತ್ರ ಕೈತಪ್ಪಿ ಗುಮ್ಮಟ ಎಣಿಸಿದ್ದಕ್ಕಿಂತ ದೊಡ್ಡದಾಯಿತು. ಕಟ್ಟಿದ ಮಂತ್ರವಾದಿಗಳೇ ಒಳಗೆ ಸಿಕ್ಕಿಬಿದ್ದರು. ಆ ಗಲಿಬಿಲಿಯಲ್ಲಿ ಕೈದಿಗಳು ಕಾವಲಿನವರನ್ನು ಸೋಲಿಸಿ ಗಣಿಯನ್ನು ತಮ್ಮದಾಗಿ ಮಾಡಿಕೊಂಡರು. ಅದಿರಿಲ್ಲದೆ ರಾಜನಿಗೆ ಯುದ್ಧವಿಲ್ಲ. ಕೈದಿಗಳು ಕೇಳಿದ್ದನ್ನು ಕೊಟ್ಟು ಅದಿರು ಪಡೆಯುವ ಕರಾರಿಗೆ ಅವನು ಬಂದ.

ಇಲ್ಲಿಯವರೆಗೆ ಕೇಳಿದರೆ ದುಡಿಯುವವರ ಜಯವೆಂದೇ ತೋರುತ್ತದೆ. ಮುಂದೆ ಏನಾಯಿತು? ಕೈದಿಗಳಲ್ಲೇ ಬಲಿಷ್ಠರಾದ ಕೆಲವರು ಅದಿರಿನ ಧಣಿಗಳಾದರು. ರಾಜ ಕಳಿಸಿದ ಮಾಲು ಅವರ ಕೋಟೆ ಸೇರಿತು. ಅಗೆಯುವವನು ಅಗೆಯುವವನಾಗಿಯೇ ಕೋಟೆಯ ಹೊರಗಣ ಗುಡಿಸಲಿನಲ್ಲಿ ಉಳಿದ. ಅವನು ಗಳಿಸಿದ ಪುಡಿ ಅದಿರಿನಲ್ಲೂ ಕಾವಲುಗಾರರು ‘ನಿನ್ನ ರಕ್ಷಣೆಗೆ’ ಎಂದು ಪಾಲು ಎತ್ತುತ್ತಾರೆ. ನಮ್ಮ ಮುಂಬಯಿ ಮಾತಿನಲ್ಲಿ ಅದಕ್ಕೆ ಹಫ್ತಾ ಎಂದು ಹೆಸರು. ಇದನ್ನು ಒಪ್ಪದವರು ಬೇರೆ ಹೋಗಿ ಹೊಸ ಬಿಡಾರ ಹೂಡಿದರು. ತಮ್ಮ ಅದಿರನ್ನು ರಾಜನಿಗೆ ಮಾರದೆ ರಾಶಿ ಹಾಕಿ, ಅದರ ಶಕ್ತಿಯಿಂದ ಗುಮ್ಮಟವನ್ನೇ ಒಡೆಯಬೇಕೆಂಬುದು ಅಲ್ಲಿಯ ಯೋಚನೆ. ಮೂರನೆಯ ಗುಂಪಿನವರು ಜೌಗು ನೆಲದಲ್ಲಿ ಕುಳಿತು, ಮಲಗಿರುವ ದೇವರೊಬ್ಬನನ್ನು ಎಬ್ಬಿಸಿದರೆ ಬಿಡುಗಡೆ ಎಂದು ಸೊಪ್ಪು ಸೇದುತ್ತ ಭಜನೆ ಮಾಡುತ್ತಾರೆ.

ಈ ಗುಮ್ಮಟದೊಳಕ್ಕೆ ಬಂದು ಬೀಳುವ ಕಥಾನಾಯಕನಿಗೆ ಹೆಸರೇ ಇಲ್ಲ. ಬಂದ ಕೂಡಲೇ ಅವನಿಗೆ ಸಿಗುವುದು ಮುಖಕ್ಕೆ ಒಂದು ಗುದ್ದು. ಆಡುವವನು ಆ ಹೆಸರಿಲ್ಲದವನ ವೇಷ ತೊಡಬೇಕು. ಮೂರರಲ್ಲಿ ಯಾವ ಗುಂಪು ಸೇರಬೇಕೆಂದು ಅವನೇ ಆರಿಸಬೇಕು. ಬಂಧುಗಳೇ, ಹೆಸರಿಲ್ಲದವನ ಕಥೆ ನಮಗೆ ಹೊಸದೇ? ಊರ ಹೊಟೇಲಿನಲ್ಲಿ ಅವನು ‘ಮಾಣಿ’, ಮುಂಬಯಿಯಲ್ಲಿ ‘ಛೋಟು’. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪುಸ್ತಕದಲ್ಲೂ ನೆಟ್ಟಗೆ ಇರುವುದಿಲ್ಲ.

ಮೊನ್ನೆ ಕೋಣೆಯಲ್ಲಿ ಮೂವರು ಹುಡುಗರ ನಡುವೆ ಜೋರು ವಾದ ನಡೆದಿತ್ತು. ‘ಹಳೆಯ ಬಿಡಾರ ಸೇರುವುದೇ ಲೇಸು, ಅಲ್ಲಿ ಹೊಟ್ಟೆಗೆ ಸಿಗುತ್ತದೆ’ ಎಂದು ಒಬ್ಬ. ‘ಧಣಿಯ ಕಾಲ ಬಳಿ ಸಿಗುವ ಊಟ ಯಾರಿಗೆ ಬೇಕು, ಹೊಸ ಬಿಡಾರಕ್ಕೆ ನಡಿ’ ಎಂದು ಇನ್ನೊಬ್ಬ. ‘ಹೊಸ ಬಿಡಾರದಲ್ಲೂ ಹೊಡೆಯುವವರಿದ್ದಾರೆ ಮಾರಾಯಾ, ಮೊದಲು ನೋಡಿಕೊಂಡು ಬಾ’ ಎಂದು ಮೂರನೆಯವ. ನಾವು ಸದಸ್ಯತ್ವದ ಚೀಟಿ ಹಿಡಿದು ಮಾಟುಂಗದಿಂದ ಮುಲುಂಡಿನವರೆಗೆ ಹೊಟೇಲು ಹೊಟೇಲು ಸುತ್ತುವಾಗ ಕೇಳುವ ಮಾತುಗಳು ಇವೇ. ಬೇರೆ ಸಮಯದಲ್ಲಿ ನಾವು ಬಾಯಿ ಬಿಡಿಸಿದರೂ ಮಾತಾಡದ ಹುಡುಗರು ಇವರು. ಆಟದಲ್ಲಿ ಕೈಯಾಡುವುದಷ್ಟೇ ಅಲ್ಲ, ಬುದ್ಧಿಯೂ ಆಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನೊಂದು ವಿಶೇಷ. ಈ ಆಟದಲ್ಲಿ ಮೊದಲ ದಿನವೇ ಯಾರೂ ಶೂರರಲ್ಲ. ಕತ್ತಿವರಸೆ ಕಲಿಯದವನು ಒಂದು ಕೈಯ ಕತ್ತಿಯನ್ನು ಎರಡು ಕೈಯಲ್ಲಿ ಹಿಡಿದು ತಡವರಿಸುತ್ತಾನೆ. ತೋಳ ಬಂದರೂ ಓಡಬೇಕು. ಅನುಭವ ಗಳಿಸಿ, ಗುರುವನ್ನು ಹುಡುಕಿ, ಅವನಿಂದ ಕಲಿತ ಮೇಲೆ ಕತ್ತಿ ಹಿಡಿಯುವ ಭಂಗಿಯೇ ಬದಲಾಗುತ್ತದೆ. ಎಲ್ಲಿಗೆ ಹೋಗಬೇಕೆಂದು ಬಾಣದ ಗುರುತೂ ತೋರಿಸುವುದಿಲ್ಲ. ಎದುರು ಸಿಕ್ಕವರನ್ನು ಕೇಳಿ, ಹೇಳಿದ್ದನ್ನು ನೆನಪಿಟ್ಟು ನಡೆಯಬೇಕು. ಟೇಬಲು ಒರೆಸುವವನು ಸಪ್ಲಾಯರ್ ಆಗುವುದಕ್ಕೆ, ಸಪ್ಲಾಯರ್ ಗಲ್ಲೆಯ ಬಳಿ ನಿಲ್ಲುವುದಕ್ಕೆ ಎಷ್ಟು ಕಾಲ ಬೇಕೆಂದು ಬಲ್ಲ ನಮಗೆ ಈ ಕ್ರಮ ಅಪರಿಚಿತವಲ್ಲ.

ಯಕ್ಷಗಾನ ಬಲ್ಲ ಹಿರಿಯರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಳಕ್ಕೆ ಸೇರಿದ ಹುಡುಗ ಮೊದಲ ರಾತ್ರಿಯೇ ಅರ್ಜುನನಾಗುತ್ತಿದ್ದನೆ? ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಸಣ್ಣ ಪುಟ್ಟ ವೇಷ ಮಾಡಿ, ಚೌಕಿಯಲ್ಲಿ ಹಿರಿಯರ ಬೈಗುಳ ತಿಂದು, ಆಮೇಲೆ ಕಿರೀಟ. ಈ ಮುಂಬಯಿಯಲ್ಲೇ ನಮ್ಮ ಹೊಟೇಲು ಕೆಲಸಗಾರರು ಹವ್ಯಾಸಿ ಮಂಡಳಿಗಳನ್ನು ಕಟ್ಟಿ ಆಟ ಆಡಿದರು. ಹಗಲು ದೋಸೆ ಹೊಯ್ದವನು ರಾತ್ರಿ ಬಣ್ಣ ಹಚ್ಚಿ ಮಹಿಷಾಸುರನಾದ. ಅಂದು ಅವನನ್ನು ‘ಮನಸ್ಸು ಕೆಟ್ಟಿತು’ ಎಂದು ಯಾರೂ ಹೇಳಲಿಲ್ಲ. ಮಹಿಷಾಸುರನ ವೇಷ ಮಾಡಿದವನು ಮರುದಿನ ಗಿರಾಕಿಯ ಮೇಲೆ ಎರಗಲಿಲ್ಲ, ಚಟ್ನಿ ಬಡಿಸಿದ. ಹಗಲೆಲ್ಲ ತಗ್ಗಿ ನಡೆದವನಿಗೆ ಒಂದು ರಾತ್ರಿ ತಲೆಯೆತ್ತಿ ಅಬ್ಬರಿಸುವ ಅವಕಾಶ ಸಿಕ್ಕಿತು, ಅಷ್ಟೆ. ಆ ಅವಕಾಶ ಸಣ್ಣದಲ್ಲ.

ತಾಳಮದ್ದಳೆಯನ್ನೂ ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಕೃಷ್ಣನ ಪಾತ್ರ ಹೊತ್ತವನೂ ಕೌರವನ ಪಾತ್ರ ಹೊತ್ತವನೂ ಕುಳಿತಲ್ಲೇ ಸ್ವಂತ ಮಾತಿನಲ್ಲಿ ವಾದಿಸುತ್ತಾರೆ. ಅಮೆರಿಕದಲ್ಲಿ ೧೯೭೪ ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಕಾಗದ, ಪೆನ್ಸಿಲು, ದಾಳ ಇಷ್ಟೇ ಸಾಮಗ್ರಿ. ಒಬ್ಬನು ಭಾಗವತರಂತೆ ಕಥೆ ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರ ಹೊತ್ತು ಮಾತಾಡುತ್ತಾರೆ, ದಾಳ ಎಸೆದು ಗೆಲ್ಲುತ್ತಾರೆ, ಸೋಲುತ್ತಾರೆ. ಇಂದಿನ ಕಂಪ್ಯೂಟರಿನ ವೇಷದ ಆಟಗಳಿಗೆಲ್ಲ ಅದೇ ಮೂಲ. ವೇಷ ಹೊತ್ತು ಸಾಹಸ ಮಾಡುವ ಈ ಸುಖವನ್ನು ನಮ್ಮ ಜನ ಅವರಿಗಿಂತ ಬಹಳ ಮೊದಲೇ ಬಲ್ಲವರು.

ಇನ್ನು ಎರಡನೆಯ ದೂರು, ಹಣದ್ದು. ಇಲ್ಲಿ ಹಿರಿಯರ ಭಯ ನಿಜವಾದದ್ದು. ಆದರೆ ಆರೋಪಿ ಬೇರೆ. ಮೊಬೈಲಿನಲ್ಲಿ ರಮ್ಮಿ ಆಡಿ, ಬಣ್ಣ ಊಹಿಸಿ, ಕ್ರಿಕೆಟ್ ತಂಡ ಕಟ್ಟಿ ಪಣವಿಟ್ಟು ಸಂಬಳ ಕಳೆದವರು ನಮ್ಮಲ್ಲಿದ್ದಾರೆ. ಎರಡು ತಿಂಗಳ ಸಂಬಳ ಹೋಗಿ, ಊರಿಗೆ ಹಣ ಕಳಿಸಲಾರದೆ, ತಾಯಿಯ ಫೋನು ಬಂದರೂ ಎತ್ತದೆ ಕೂತ ಹುಡುಗನನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದು ಆಟವಲ್ಲ, ಜೂಜು. ೨೦೨೫ ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಆನ್‌ಲೈನ್ ಆಟಗಳ ಬಗ್ಗೆ ಕಾನೂನು ಮಾಡಿದಾಗಲೂ ಇದೇ ಭೇದವನ್ನು ಹಿಡಿಯಿತು. ಹಣ ಪಣವಿಡಿಸುವ ಆಟಗಳನ್ನು ನಿಷೇಧಿಸಿ, ಪಣವಿಲ್ಲದ ಆಟಗಳನ್ನು ಬೇರೆಯಾಗಿ ಗುರುತಿಸಿತು. ಕಳ್ಳನ ಹೆಸರಿನಲ್ಲಿ ಪಕ್ಕದ ಮನೆಯವನನ್ನು ಹಿಡಿಯುವುದು ನ್ಯಾಯವಲ್ಲ.

ಹಾಗೆಂದು ವೇಷದ ಆಟಗಳೆಲ್ಲ ಶುದ್ಧವೆಂದು ನಾವು ಹೇಳುವುದಿಲ್ಲ. ಪುಕ್ಕಟೆ ಎಂದು ಕರೆದು, ಒಳಗೆ ಬಂದ ಮೇಲೆ ಮುಚ್ಚಿದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವ ಆಟಗಳಿವೆ. ಪೆಟ್ಟಿಗೆಯೊಳಗೆ ವಜ್ರದ ಕತ್ತಿ ಇರಬಹುದು, ತುಕ್ಕಿನ ಚಾಕು ಇರಬಹುದು. ಕೊಂಡ ಮೇಲೆಯೇ ತಿಳಿಯುವುದು. ಬೆಲ್ಜಿಯಂ ದೇಶದ ಅಧಿಕಾರಿಗಳು ೨೦೧೮ ರಲ್ಲಿ ಇಂತಹ ಪೆಟ್ಟಿಗೆಗಳನ್ನು ಜೂಜೆಂದೇ ತೀರ್ಮಾನಿಸಿದರು. ಆದುದರಿಂದ ಗುರುತು ಸುಲಭ. ಒಮ್ಮೆ ಬೆಲೆ ಕೊಟ್ಟು ಕೊಂಡು ಬೇಕಾದಷ್ಟು ಆಡುವುದು ಪುಸ್ತಕ ಕೊಂಡಂತೆ. ಆಡಿದಷ್ಟೂ ಹಣ ಕೇಳುವುದು ಜೂಜುಕಟ್ಟೆಗೆ ಹೋದಂತೆ.

ಮೂರನೆಯ ದೂರು ಹೊತ್ತಿನದು. ಈ ಊರಿನಲ್ಲಿ ಕೆಲಸಗಾರನಿಗೆ ವಾರಕ್ಕೊಂದು ದಿನದ ಬಿಡುವು ಹೇಗೆ ಬಂತು? ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ ರಲ್ಲಿ ಗಿರಣಿ ಕೆಲಸಗಾರರ ಸಂಘ ಕಟ್ಟಿ ಹೋರಾಡಿದರು. ೧೮೯೦ ರಲ್ಲಿ ಗಿರಣಿ ಮಾಲಿಕರು ಭಾನುವಾರದ ರಜೆಗೆ ಒಪ್ಪಿದರು. ಅದು ಯಾರೂ ದಯೆಯಿಂದ ಕೊಟ್ಟದ್ದಲ್ಲ. ಹಾಗೆ ಗೆದ್ದ ಬಿಡುವಿನಲ್ಲಿ ಕೆಲಸಗಾರ ಏನು ಮಾಡಬೇಕು ಎಂಬ ಲೆಕ್ಕ ಕೇಳುವುದನ್ನು ಧಣಿಗಳಿಗೇ ನಾವು ಬಿಟ್ಟಿಲ್ಲ. ಹೀಗಿರುವಾಗ ಸಂಘವೇ ಆ ಲೆಕ್ಕ ಕೇಳಬೇಕೆ? ಸಿನೇಮಕ್ಕೆ ಹೋದವನನ್ನು ನಾವು ತಡೆಯಲಿಲ್ಲ, ಇಸ್ಪೀಟು ಬಿಟ್ಟು ಚದುರಂಗ ಆಡಿದವನನ್ನು ಹೊಗಳಿದೆವು. ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ಲು ಇದ್ದಲ್ಲಿ ಇಂದು ಮಾಲ್ ಇದೆ. ಗಿರಣಿ ಕೆಲಸಗಾರನ ಮೊಮ್ಮಗ ಅಲ್ಲಿ ಒಂದು ಸಂಜೆ ಕಳೆಯಬೇಕಾದರೆ ಜೇಬು ತಡವಿಕೊಳ್ಳಬೇಕು. ಸಂಘದ ಕೋಣೆಯಲ್ಲಿ ಅವನಿಗೆ ಕುರ್ಚಿ ಪುಕ್ಕಟೆ. ಪಕ್ಕದಲ್ಲಿ ಗೆಳೆಯರು, ಎದುರಿಗೆ ಪುಸ್ತಕದ ಕಪಾಟು. ಅವನನ್ನು ಅಲ್ಲಿಂದ ಎಬ್ಬಿಸಿದರೆ ಅವನು ರಾತ್ರಿಶಾಲೆಗೆ ಓಡುವುದಿಲ್ಲ. ಹೊಟೇಲಿನ ಅಟ್ಟದ ಮೇಲೆ ಒಂಟಿಯಾಗಿ ಮೊಬೈಲು ಹಿಡಿದು ಮಲಗುತ್ತಾನೆ. ಜೂಜಿನ ಬಲೆ ಅವನನ್ನು ಕಾಯುವುದು ಅಲ್ಲಿಯೇ.

ಬಂಧುಗಳೇ, ಮೂರು ದೂರಿಗೂ ಉತ್ತರ ಹೇಳಿದೆವು. ಈಗ ನಮಗೆ ಹೆಚ್ಚು ಮುಖ್ಯವೆಂದು ತೋರುವ ವಿಷಯಕ್ಕೆ ಬರುತ್ತೇವೆ. ಈ ಆಟಗಳನ್ನು ಆಡುವವರು ಆಡಿ ಸುಮ್ಮನಾಗುವುದಿಲ್ಲ. ಆಟ ಕಟ್ಟಿದ ಕಂಪೆನಿಯ ರಂಗಸ್ಥಳವನ್ನೇ ಬಳಸಿ ತಾವೇ ಹೊಸ ಸಾಹಸಗಳನ್ನು ಕಟ್ಟುತ್ತಾರೆ. ಅದಕ್ಕೆ ಮಾಡ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ರಂಗಸ್ಥಳ ಹಳೆಯದು, ಪ್ರಸಂಗ ಹೊಸದು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಮ್ಮ ಮುದ್ದಣ, ಬಡತನದಲ್ಲಿ ಬದುಕಿ ೧೯೦೧ ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವರು, ರತ್ನಾವತಿ ಕಲ್ಯಾಣ, ಕುಮಾರ ವಿಜಯ ಪ್ರಸಂಗಗಳನ್ನು ಬರೆದರಲ್ಲವೆ? ಕಥೆ ಹಳೆಯದು, ಮೇಳವೂ ಇತ್ತು; ಅದರ ಮೇಲೆ ಪ್ರೀತಿಯುಳ್ಳವರು ಹೊಸದನ್ನು ಸೇರಿಸಿದರು.

ಗಾಥಿಕ್ ಆಟಕ್ಕೆ ಪೋಲೆಂಡ್ ದೇಶದಲ್ಲಿ ಅಭಿಮಾನಿಗಳು ಬಹಳ. ಅವರಲ್ಲಿ ಕೆಲವರು ಕೂಡಿ, ೨೦೦೨ ರ ಗಾಥಿಕ್ ಎರಡನೆಯ ಭಾಗದ ಮೇಲೆ ‘ಆರ್ಕೊಲೋಸ್’ ಎಂಬ ಹೊಸ ಸಾಹಸವನ್ನು ವರ್ಷಗಟ್ಟಲೆ ದುಡಿದು ಕಟ್ಟಿ ೨೦೨೧ ರ ಡಿಸೆಂಬರಿನಲ್ಲಿ ಪುಕ್ಕಟೆಯಾಗಿ ಹಂಚಿದರು. ಮೂಲ ಆಟ ಇದ್ದವರು ಯಾರೂ ಆಡಬಹುದು. ಒಂದಿಡೀ ದ್ವೀಪ, ಅದರ ಪಟ್ಟಣ, ಹಳ್ಳಿ, ಗಣಿ, ಜನರ ಮಾತು ಎಲ್ಲವೂ ಹೊಸದು. ಮಾತು ಅವರ ಪೋಲಿಷ್ ಭಾಷೆಯಲ್ಲೇ ಇದೆ. ಬೇರೆಯವರಿಗಾಗಿ ಕೆಳಗೆ ಇಂಗ್ಲಿಷ್ ಬರಹ ಬರುತ್ತದೆ. ಕಥೆಯಲ್ಲಿ ಮಾರ್ವಿನ್ ಎಂಬ ತರುಣ ಯುದ್ಧಕ್ಕೆ ಹೆದರಿ ಸೋದರನೊಡನೆ ಹಡಗು ಹತ್ತಿ ಆ ದ್ವೀಪಕ್ಕೆ ಬರುತ್ತಾನೆ. ಬಂದಲ್ಲಿ ಸೋದರ ಕಾಣೆಯಾಗುತ್ತಾನೆ. ಪರವೂರು, ಕೈಯಲ್ಲಿ ಕಾಸಿಲ್ಲ, ನಿರಾಶ್ರಿತನೆಂದು ಎಲ್ಲರೂ ಕೀಳಾಗಿ ಕಾಣುತ್ತಾರೆ. ಅವನು ಕೂಲಿ ಮಾಡುತ್ತ, ಕಲಿಯುತ್ತ, ಸೋದರನನ್ನು ಹುಡುಕಬೇಕು. ಇದನ್ನು ಆಡುವಾಗ ನಮ್ಮ ಬೈಂದೂರಿನ ಹುಡುಗನೊಬ್ಬ ಅಂದ ಮಾತು: ‘ಅಣ್ಣಾ, ಇದು ನಾವು ದಾದರಿನಲ್ಲಿ ಇಳಿದ ಹಾಗೇ ಉಂಟು.’

ಹಾಗೆ ಪ್ರೀತಿಯಿಂದ ಮಾಡಿದ ದುಡಿಮೆಯೂ ದುಡಿಮೆಯೇ. ಅದರ ಸುತ್ತ ಧಣಿಗಳು ಹೇಗೆ ಸುಳಿಯುತ್ತಾರೆಂಬುದನ್ನೂ ಹುಡುಗರು ತಿಳಿಯಬೇಕು. ಬೆಥೆಸ್ಡ ಎಂಬ ಅಮೆರಿಕದ ಕಂಪೆನಿ ೨೦೧೧ ರಲ್ಲಿ ಹೊರತಂದ ‘ಸ್ಕೈರಿಮ್’ ಎಂಬ ಆಟಕ್ಕೆ ಅಭಿಮಾನಿಗಳು ಅಸಂಖ್ಯ ಹೊಸ ಪ್ರಸಂಗಗಳನ್ನು ಪುಕ್ಕಟೆಯಾಗಿ ಕಟ್ಟಿದ್ದರು. ೨೦೧೫ ರ ಏಪ್ರಿಲಿನಲ್ಲಿ ಅವನ್ನು ಹಣಕ್ಕೆ ಮಾರುವ ಏರ್ಪಾಡಾಯಿತು. ನೂರಕ್ಕೆ ಎಷ್ಟು ಪಾಲು ಕಟ್ಟಿದವನಿಗೆ? ಇಪ್ಪತ್ತೈದು. ಮಿಕ್ಕ ಎಪ್ಪತ್ತೈದು ಅಂಗಡಿ ನಡೆಸುವ ವಾಲ್ವ್ ಕಂಪೆನಿಗೂ ಬೆಥೆಸ್ಡಕ್ಕೂ. ಆಡುವವರು ಎಂತಹ ಗದ್ದಲ ಎಬ್ಬಿಸಿದರೆಂದರೆ ಕೆಲವೇ ದಿನಗಳಲ್ಲಿ ಆ ಏರ್ಪಾಡನ್ನು ಹಿಂದೆಗೆದುಕೊಳ್ಳಬೇಕಾಯಿತು. ೨೦೨೦ ರಲ್ಲಿ ಬ್ಲಿಝಾರ್ಡ್ ಎಂಬ ಇನ್ನೊಂದು ಕಂಪೆನಿ, ತನ್ನ ‘ವಾರ್‌ಕ್ರಾಫ್ಟ್’ ಆಟದೊಳಗೆ ಯಾರು ಏನು ಕಟ್ಟಿದರೂ ಅದು ತನ್ನದೇ ಸೊತ್ತು ಎಂದು ಕರಾರಿನಲ್ಲಿ ಬರೆಯಿತು. ಗೇಣಿದಾರ ನೆಟ್ಟ ತೆಂಗಿನ ಸಸಿಯೂ ಒಡೆಯನದೇ ಎಂದ ಹಾಗೆ.

ಇದಕ್ಕೆ ಉತ್ತರವೂ ಅಲ್ಲಿಯೇ ಹುಟ್ಟಿದೆ. ಆಟ ಕಟ್ಟುವ ಕೋಣೆಗಳಲ್ಲಿ ಸಂಬಳಕ್ಕೆ ದುಡಿಯುವವರು ಸಂಘ ಕಟ್ಟತೊಡಗಿದ್ದಾರೆ. ಅದೇ ಬೆಥೆಸ್ಡದ ೨೪೧ ಜನ ಕೆಲಸಗಾರರು ೨೦೨೪ ರ ಜುಲೈಯಲ್ಲಿ ಯೂನಿಯನ್ ಸೇರಿದರು. ಅದೇ ತಿಂಗಳು, ಆಟಗಳ ಪಾತ್ರಗಳಿಗೆ ಕಂಠ ಕೊಡುವ ಅಮೆರಿಕದ ಕಲಾವಿದರು ಮುಷ್ಕರ ಹೂಡಿ ಸುಮಾರು ಒಂದು ವರ್ಷ ನಡೆಸಿದರು. ತಮ್ಮ ಧ್ವನಿಯನ್ನು ಯಂತ್ರದಿಂದ ನಕಲು ಮಾಡಿ ತಮ್ಮ ಅನ್ನ ಕಸಿಯಬಾರದು ಎಂಬುದು ಅವರ ಮುಖ್ಯ ಬೇಡಿಕೆ. ೧೯೮೨ ರ ಗಿರಣಿ ಮುಷ್ಕರದಲ್ಲಿ ನಿಂತ ಹಿರಿಯರಿಗೆ ಒಂದು ವರ್ಷದ ಮುಷ್ಕರವೆಂದರೆ ಏನೆಂದು ಗೊತ್ತು. ರಾಕ್ಷಸನ ಕಂಠದ ಹಿಂದೆಯೂ ಒಬ್ಬ ಕೆಲಸಗಾರನಿದ್ದಾನೆ ಎಂಬುದನ್ನು ಹುಡುಗರು ಅರಿತರೆ ಆಟದಿಂದ ಕಲಿತ ಹಾಗಾಯಿತು.

ಪೋಲೆಂಡಿನವರು ತಮ್ಮ ಭಾಷೆಯಲ್ಲಿ ಕಟ್ಟಿದರು. ನಮ್ಮ ಪಕ್ಕದ ಪುಣೆಯಲ್ಲಿ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡ ೨೦೨೦ ರಲ್ಲಿ ‘ರಾಜಿ’ ಎಂಬ ಆಟ ಹೊರತಂದಿತು. ತಮ್ಮನನ್ನು ಅಸುರರಿಂದ ಬಿಡಿಸಲು ಹೊರಟ ಹುಡುಗಿಯ ಕಥೆ ಅದು. ದುರ್ಗೆಯೂ ವಿಷ್ಣುವೂ ಅದರಲ್ಲಿ ಬರುತ್ತಾರೆ. ಹಾಗಾದರೆ ಕನ್ನಡದಲ್ಲಿ ನಾವೇಕೆ ಕಟ್ಟಬಾರದು? ದ್ವೀಪ ಕಟ್ಟುವ ಸಾಮರ್ಥ್ಯ ಇಂದು ನಮಗಿಲ್ಲದಿರಬಹುದು. ಆದರೆ ಬರಿಯ ಬರಹದಿಂದ ಸಾಹಸ ಕಟ್ಟುವ ‘ಟ್ವೈನ್’ ಎಂಬ ಸಲಕರಣೆ ಪುಕ್ಕಟೆ ಸಿಗುತ್ತದೆ. ಒಂದು ಪುಟ ಓದಿದ ಮೇಲೆ ಎರಡು ದಾರಿ. ಆರಿಸಿದ ದಾರಿಯಂತೆ ಮುಂದಿನ ಪುಟ. ಕನ್ನಡದಲ್ಲೇ ಬರೆಯಬಹುದು. ಊರಿನಿಂದ ಬಸ್ಸು ಹತ್ತಿದ ಹುಡುಗ ದಾದರಿನಲ್ಲಿ ಇಳಿಯುತ್ತಾನೆ. ಚೀಟಿಯಲ್ಲಿ ಬರೆದ ಹೊಟೇಲಿಗೆ ಹೋಗುವನೋ, ಪ್ಲಾಟ್‌ಫಾರಂನಲ್ಲಿ ನಗುತ್ತ ಬಂದ ಅಪರಿಚಿತನ ಹಿಂದೆ ಹೋಗುವನೋ? ಮೊದಲ ಸಂಬಳ ಊರಿಗೆ ಕಳಿಸುವನೋ, ರಮ್ಮಿಗೆ ಹಾಕುವನೋ? ಬೇಕಾದರೆ ಅಡಿಗೆಮನೆಯ ಹೊಗೆಯಲ್ಲಿ ಒಬ್ಬ ಬ್ರಹ್ಮರಾಕ್ಷಸನೂ ಇರಲಿ. ನಮ್ಮ ಹುಡುಗರಿಗಿಂತ ಚೆನ್ನಾಗಿ ಇದನ್ನು ಬರೆಯಬಲ್ಲವರು ಯಾರು?

ಆದುದರಿಂದ ನಿಲ್ಲಿಸುವ ಸೂಚನೆಯ ಬದಲು ತರುಣ ವಿಭಾಗ ಈ ನಿಯಮಗಳನ್ನು ಸಭೆಯ ಮುಂದಿಡುತ್ತದೆ. ಒಂದು, ಆಟ ವಾರದ ರಜೆಯವರಿಗೆ ಸರದಿಯ ಮೇಲೆ, ಒಬ್ಬೊಬ್ಬರಿಗೆ ಎರಡು ಗಂಟೆ. ರಾತ್ರಿಶಾಲೆಯ ಹೊತ್ತಿನಲ್ಲಿ ಇಲ್ಲ. ಎರಡು, ಪಣದ ಆಟ, ಪೆಟ್ಟಿಗೆ ಮಾರುವ ಆಟ ಕೋಣೆಯೊಳಗೆ ಬರಕೂಡದು. ಮೂರು, ಕದ್ದ ಪ್ರತಿ ಬೇಡ. ವರ್ಗಣಿ ಎತ್ತಿ ಕೊಂಡದ್ದನ್ನೇ ಆಡತಕ್ಕದ್ದು. ಇನ್ನೊಬ್ಬರ ದುಡಿಮೆಯನ್ನು ಪುಕ್ಕಟೆ ತಿನ್ನುವವರು ತಮ್ಮ ಸಂಬಳಕ್ಕಾಗಿ ಹೇಗೆ ಬಾಯಿ ತೆರೆದಾರು? ನಾಲ್ಕು, ಆಡಿದವನು ತಿಂಗಳಿಗೊಮ್ಮೆ ತಾನು ಮಾಡಿದ ಸಾಹಸವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಗೋಡೆಪತ್ರಿಕೆಗೆ ಕೊಡಬೇಕು. ಐದು, ಬರುವ ವಾರ್ಷಿಕೋತ್ಸವದೊಳಗೆ ಹುಡುಗರು ಕೂಡಿ ಒಂದು ಕನ್ನಡ ಸಾಹಸವನ್ನು ಕಟ್ಟಿ ಸಭೆಗೆ ತೋರಿಸಬೇಕು. ಯಕ್ಷಗಾನ ಬಲ್ಲ ಹಿರಿಯರು ಅದಕ್ಕೆ ಗುರುಗಳಾಗಬೇಕು.

ಹಿರಿಯರೇ, ನೀವು ವೇಷ ಕಟ್ಟಿದ ಕಾಲದಲ್ಲಿ ನಿಮ್ಮ ಕೈಯಿಂದ ಯಾರೂ ಕಿರೀಟ ಕಿತ್ತುಕೊಳ್ಳಲಿಲ್ಲ. ಇಂದಿನ ಹುಡುಗರ ಕಿರೀಟ ಗಾಜಿನ ಪರದೆಯೊಳಗಿದೆ, ಅಷ್ಟೇ ವ್ಯತ್ಯಾಸ. ಅವರನ್ನು ಎಬ್ಬಿಸಿ ಕಳಿಸಬೇಡಿರಿ. ಒಂದು ದಿನ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತು, ‘ಏನು ಮಗಾ, ನೀನು ಯಾವ ಬಿಡಾರ ಸೇರಿದಿ?’ ಎಂದು ಕೇಳಿರಿ. ಉತ್ತರ ಕೇಳಿದ ಮೇಲೆ ಮತ ಕೊಡಿರಿ.